ಆಫೀಸಿನವರ ಜೊತೆ ಲಾಟರಿಗೆ ಪಾಲು ಹಾಕಬೇಕಾ?

ನಮಸ್ಕಾರ. ಓಣಂ ಹತ್ತಿರ ಬಂತು ಅಂದರೆ ಸಾಕು, ಕಾಸರಗೋಡಿನ ಕಡೆ ಕೆಲಸ ಮಾಡುವ ನಮ್ಮವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. "ತಿರುವೋಣಂ ಬಂಪರ್ ತಗೊಳ್ತಿದ್ದೀವಿ, ಸೇರ್ತೀರಾ?" ಇದು ಕೇರಳ ಸರ್ಕಾರದ ಓಣಂ ಲಾಟರಿ, ದೊಡ್ಡ ಬಹುಮಾನದ್ದು. ಟಿಕೆಟ್ಟಿಗೆ 500 ರೂಪಾಯಿ. ಹತ್ತು ಜನ ಸೇರಿದರೆ ತಲೆಗೆ 50. ಮೊದಲ ಬಹುಮಾನ 25 ಕೋಟಿ.

ನಾನು ಹೇಳೋದು, ಸೇರಿ. ಆದರೆ ದುಡ್ಡು ಕೊಡುವಾಗಲೇ ಹೆಸರು ಬರೆಸಿ.

2023ರಲ್ಲಿ ಕೇರಳದ ಪರಪ್ಪನಂಗಾಡಿಯಲ್ಲಿ ಏನಾಯಿತು ನೋಡಿ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಂಗಸರು ಸೇರಿ 250 ರೂಪಾಯಿಯ ಮಾನ್ಸೂನ್ ಬಂಪರ್ ತೆಗೆದುಕೊಂಡರು. ಒಂಬತ್ತು ಜನ 25 ರೂಪಾಯಿ ಹಾಕಿದರು, ಉಳಿದ ಇಬ್ಬರು ಹನ್ನೆರಡೂವರೆ, ಹನ್ನೆರಡೂವರೆ. ಬಂದದ್ದು 10 ಕೋಟಿ! ಓದಿದಾಗ ನನಗೆ ನಿಜವಾಗ್ಲೂ ಖುಷಿಯಾಯಿತು.

ಈಗ ಅದೇ ಹನ್ನೆರಡೂವರೆಯನ್ನು ನಿಮ್ಮ ಆಫೀಸಿಗೆ ತನ್ನಿ. ಅರ್ಧ ಹಾಕಿದವರಿಗೆ ಅರ್ಧ ಪಾಲಾ, ಪೂರ್ತಿ ಪಾಲಾ? "ನಾಳೆ ಕೊಡ್ತೀನಿ, ನನ್ನದೂ ಸೇರಿಸು" ಅಂತ ಹೇಳಿ ರಜೆ ಹೋದವರ ಕಥೆ ಏನು? ಪ್ರತಿ ಸಲ ಸೇರುತ್ತಿದ್ದವರು ಈ ಸಲ ಊರಿಗೆ ಹೋಗಿದ್ದರೆ? ಡ್ರಾಗೆ ಮೊದಲು ಇದು ಎರಡು ನಿಮಿಷದ ಮಾತು, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಜಗಳ. ಟಿಕೆಟ್ ಬರೀ ಒಂದು ಕಾಗದ, ಇರುವುದು ಒಬ್ಬರ ಜೇಬಿನಲ್ಲಿ. ಅದಕ್ಕೇ ಟಿಕೆಟ್ಟಿನ ಎರಡೂ ಕಡೆಯ ಫೋಟೋ, ಯಾರು ಎಷ್ಟು ಹಾಕಿದರು, ಯಾರ ಪರವಾಗಿ ಯಾರು ಕೊಟ್ಟರು, ಎಲ್ಲ ಡ್ರಾಗೆ ಮೊದಲೇ ವಾಟ್ಸ್ಆ್ಯಪ್ ಗುಂಪಿಗೆ ಬೀಳಲಿ.

ಇನ್ನೊಂದು ಮಾತು. ಹತ್ತು ಜನ ಸೇರಿ ಒಂದೇ ಟಿಕೆಟ್ ತೆಗೆದರೆ ಗೆಲ್ಲುವ ಸಾಧ್ಯತೆ ಹೆಚ್ಚಾಗುವುದಿಲ್ಲ, ಖರ್ಚು ಮಾತ್ರ ಕಡಿಮೆ. ಲಕ್ಷಗಟ್ಟಲೆ ಟಿಕೆಟ್ಟಿನಲ್ಲಿ ನಿಮ್ಮದೂ ಒಂದು, ಅಷ್ಟೇ. ಹಾಗಾಗಿ ಬಂಪರ್‌ಗೆ ಮಾತ್ರ ಸೇರಿ. ಕೇರಳದಲ್ಲಿ ದಿನದಿನವೂ ಮಾಮೂಲಿ ಲಾಟರಿಯ ಡ್ರಾ ಇರುತ್ತದೆ, ಅದಕ್ಕೆ ಗುಂಪು ಕಟ್ಟಿದರೆ ಸಂಬಳ ಚೂರುಚೂರೇ ಕರಗುತ್ತದೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದ್ದು ನನ್ನ ಪ್ರಕಾರ ಸರಿ. ಕೂಲಿಯ ದುಡ್ಡು ಮನೆ ಸೇರುವ ಮೊದಲೇ ಟಿಕೆಟ್ ಅಂಗಡಿಯಲ್ಲಿ ಮುಗಿಯುತ್ತಿತ್ತು. ಬೆಂಗಳೂರಲ್ಲಿ ಕೂತವರಿಗೆ "ಆನ್‌ಲೈನಲ್ಲಿ ಕೇರಳ ಲಾಟರಿ ಕೊಡ್ತೀವಿ" ಅಂತ ಮೆಸೇಜ್ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೇರಳ ಸರ್ಕಾರ ಮಾರುವುದು ಕಾಗದದ ಟಿಕೆಟ್ ಮಾತ್ರ.

"ನಮ್ಮನಮ್ಮಲ್ಲೇ ಪಟ್ಟಿ ಯಾಕೆ, ನಂಬಿಕೆ ಇಲ್ವಾ?" ಅಂತ ದುಡ್ಡು ಎತ್ತುವವರು ಮುನಿಸಿಕೊಳ್ಳಬಹುದು. ನಂಬಿಕೆ ಇರುವುದಕ್ಕೇ ಸೇರುತ್ತಿದ್ದೇನೆ, ಪಟ್ಟಿ ಹಾಕಿ ಅನ್ನಿ. ಆಗಲೂ ಹಾಕದಿದ್ದರೆ ಆ ಐವತ್ತು ರೂಪಾಯಿ ನಿಮ್ಮ ಜೇಬಿನಲ್ಲೇ ಇರಲಿ.