ಬೀಳದ ಹಳದಿ ಬಟ್ಟೆ: ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್‌ನ ತಪ್ಪಿದ ತೀರ್ಪುಗಳು

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಎಂದ ಕೂಡಲೇ ನಮಗೆ ನೆನಪಾಗುವುದು ಕಾಲ್ಚೆಂಡು, ಪೆನಾಲ್ಟಿ ಎಂದ ಕೂಡಲೇ ಗೋಲ್‌ಕೀಪರ್ ಎದುರಿನ ಒದೆತ. ಇವತ್ತಿನ ಮಾತು ಅದರದ್ದಲ್ಲ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಟದ್ದು. ಅಲ್ಲಿ ಪೆನಾಲ್ಟಿ ಎಂದರೆ ತಪ್ಪು ಮಾಡಿದ ತಂಡಕ್ಕೆ ಗಜಗಳ ಲೆಕ್ಕದಲ್ಲಿ ಬೀಳುವ ದಂಡ. ತಪ್ಪು ಕಂಡ ತೀರ್ಪುಗಾರ ಸೊಂಟಕ್ಕೆ ಸಿಕ್ಕಿಸಿಕೊಂಡ ಹಳದಿ ಬಟ್ಟೆಯನ್ನು ನೆಲಕ್ಕೆ ಎಸೆಯುತ್ತಾನೆ. ಅದನ್ನು ಫ್ಲ್ಯಾಗ್ ಎನ್ನುತ್ತಾರೆ. ಎಸೆಯಬೇಕಾದ ಕಡೆ ಎಸೆಯದಿದ್ದರೆ ಅದು ‘ನೋ-ಕಾಲ್’.

ಇನ್ನೊಂದು ಸಂಗತಿ ತಿಳಿದಿರಬೇಕು. ಈ ಲೀಗಿನ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ನಾಕ್‌ಔಟ್ ಘಟ್ಟದಲ್ಲಿ, ಪ್ರತಿ ಹಂತಕ್ಕೂ ಒಂದೇ ಪಂದ್ಯ. ಸೋತವರು ಮನೆಗೆ. ಏಳು ಪಂದ್ಯಗಳ ಸರಣಿಯಲ್ಲಾದರೆ ಒಂದು ತಪ್ಪು ತೀರ್ಪನ್ನು ಮುಂದಿನ ಪಂದ್ಯದಲ್ಲಿ ಸರಿದೂಗಿಸಿಕೊಳ್ಳಬಹುದು, ಇಲ್ಲಿ ಆ ಅವಕಾಶವಿಲ್ಲ.

2019ರ ಜನವರಿ 20. ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮತ್ತು ಲಾಸ್ ಏಂಜಲಿಸ್ ರಾಮ್ಸ್ ನಡುವೆ ಲೀಗಿನ ಎರಡು ಬಣಗಳಲ್ಲಿ ಒಂದಾದ ಎನ್‌ಎಫ್‌ಸಿಯ ಚಾಂಪಿಯನ್‌ಶಿಪ್ ಪಂದ್ಯ. ಗೆದ್ದವರು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ. ಕೊನೆಯದಾದ ನಾಲ್ಕನೇ ಕ್ವಾರ್ಟರ್‌ನಲ್ಲಿ 1 ನಿಮಿಷ 49 ಸೆಕೆಂಡು ಉಳಿದಿದೆ, ಅಂಕ 20–20. ಚೆಂಡು ಸೇಂಟ್ಸ್ ಕೈಯಲ್ಲಿ, ರಾಮ್ಸ್‌ನ 13 ಗಜದ ಗೆರೆಯ ಮೇಲೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ದಾಟಬೇಕು, ಇದು ಮೂರನೆಯದು, ಇನ್ನೂ ಹತ್ತು ಗಜ ಬಾಕಿ. ಸೇಂಟ್ಸ್‌ನ ಎಸೆತಗಾರ ಡ್ರೂ ಬ್ರೀಸ್ ಬಲಗಡೆಯ ಅಂಚುಗೆರೆಯತ್ತ ಓಡಿದ ಟಾಮಿಲೀ ಲೂಯಿಸ್‌ಗೆ ಚೆಂಡು ಎಸೆದರು. ರಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಚೆಂಡಿನ ಕಡೆ ತಿರುಗಿ ನೋಡದೆ, ಚೆಂಡು ತಲುಪುವ ಮೊದಲೇ ಲೂಯಿಸ್‌ಗೆ ಬಡಿದು ಉರುಳಿಸಿದರು. ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿತು. ಬಟ್ಟೆ ಬೀಳಲಿಲ್ಲ.

ಆ ಒಂದು ಡಿಕ್ಕಿಯಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ಪಾಸ್ ಇಂಟರ್‌ಫಿಯರೆನ್ಸ್. ಚೆಂಡು ಎಸೆತಗಾರನ ಕೈಬಿಟ್ಟ ಕ್ಷಣದಿಂದ ಯಾರಾದರೂ ಅದನ್ನು ಮುಟ್ಟುವ ತನಕ, ಹಿಡಿಯಲು ಹೋದವನಿಗೆ ಗಣನೀಯವಾಗಿ ಅಡ್ಡಿಯಾಗುವಂತೆ ಮೈತಾಗಿಸಬಾರದು ಎಂಬುದು ನಿಯಮ. ಚೆಂಡಿನ ಕಡೆ ನೋಡದೆ ಬೇಗ ಬಂದು ಡಿಕ್ಕಿ ಹೊಡೆಯುವುದು ಇದರ ಮೊದಲ ಉದಾಹರಣೆ. ಶಿಕ್ಷೆಯಾಗಿ ತಪ್ಪು ನಡೆದ ಜಾಗದಲ್ಲೇ ಚೆಂಡು ಇಟ್ಟು ಎದುರಾಳಿಗೆ ಹೊಸ ನಾಲ್ಕು ಯತ್ನ ಕೊಡುತ್ತಾರೆ. ಎರಡನೆಯದು, ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವವನ ತಲೆಗೆ ಹೊಡೆದದ್ದು. ಇದಕ್ಕೂ ಹೊಸ ಯತ್ನಗಳು ಸಿಗುತ್ತವೆ. ಎರಡರಲ್ಲಿ ಯಾವ ಒಂದನ್ನು ಗುರುತಿಸಿದ್ದರೂ ಸಾಕಿತ್ತು. ತಲೆಗೆ ಹೊಡೆದದ್ದಕ್ಕೆ ಲೀಗ್ ಆಮೇಲೆ 26,739 ಡಾಲರ್ ದಂಡವನ್ನೂ ಹಾಕಿತು.

ಈಗ ಗಡಿಯಾರದ ಲೆಕ್ಕ ನೋಡಿ. ಈ ಪ್ರಕರಣದ ತೂಕ ಇರುವುದೇ ಇಲ್ಲಿ. ಬಟ್ಟೆ ಬಿದ್ದಿದ್ದರೆ 1:45ರ ಹೊತ್ತಿಗೆ ಸೇಂಟ್ಸ್‌ಗೆ ಗೋಲ್‌ಗೆರೆಯಿಂದ ಸುಮಾರು ಆರು ಗಜ ದೂರದಲ್ಲಿ ಮೊದಲ ಯತ್ನ ಸಿಗುತ್ತಿತ್ತು. ಬ್ರೀಸ್ ಚೆಂಡು ಹಿಡಿದು ಮಂಡಿಯೂರಿದರೆ ಸಾಕು, ಆ ಯತ್ನ ಮುಗಿಯುತ್ತದೆ, ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಮೊದಲ ಮಂಡಿಗೆ ಎರಡು ಸೆಕೆಂಡು; ರಾಮ್ಸ್ ತಮಗೆ ಉಳಿದ ಒಂದು ಟೈಮ್‌ಔಟ್ ತೆಗೆದುಕೊಂಡರೆ 1:43ಕ್ಕೆ ಗಡಿಯಾರ ನಿಲ್ಲುತ್ತದೆ. ಎರಡನೇ ಮಂಡಿಯ ನಂತರ ಅದನ್ನು ನಿಲ್ಲಿಸಲು ಯಾರಿಗೂ ಆಗದು, ಮುಂದಿನ ಯತ್ನಕ್ಕಿರುವ 40 ಸೆಕೆಂಡು ಹರಿದು ಹೋಗುತ್ತದೆ. ಮೂರನೆಯದರ ನಂತರ ಮತ್ತೆ 40. ಉಳಿಯುವುದು 20 ಸೆಕೆಂಡಿನ ಆಸುಪಾಸು. ಆಗ 25 ಗಜದಿಂದ ಸುಲಭದ ಫೀಲ್ಡ್ ಗೋಲ್, ಅಂದರೆ ಕಂಬಗಳ ನಡುವೆ ಚೆಂಡು ಒದ್ದು ಮೂರು ಅಂಕ. ರಾಮ್ಸ್‌ಗೆ ಸಿಗುತ್ತಿದ್ದದ್ದು ಹದಿನೈದು ಸೆಕೆಂಡು, ಅದೂ ಟೈಮ್‌ಔಟ್ ಇಲ್ಲದೆ.

ನಡೆದದ್ದು ಬೇರೆ. ವಿಲ್ ಲಟ್ಜ್ 31 ಗಜದಿಂದ ಒದ್ದು 23–20 ಮಾಡಿದಾಗ ಇನ್ನೂ 1:41 ಉಳಿದಿತ್ತು. ರಾಮ್ಸ್ ಅಷ್ಟನ್ನೂ ಬಳಸಿಕೊಂಡರು. 15 ಸೆಕೆಂಡು ಇರುವಾಗ ಗ್ರೆಗ್ ಝರ್ಲೈನ್ 48 ಗಜದ ಒದೆತದಿಂದ ಸಮ ಮಾಡಿದರು. ಓವರ್‌ಟೈಮ್‌ನಲ್ಲಿ ಟಾಸ್ ಗೆದ್ದು ಮೊದಲು ಚೆಂಡು ಪಡೆದದ್ದು ಸೇಂಟ್ಸ್ ತಂಡವೇ. ಬ್ರೀಸ್ ಎಸೆತವನ್ನು ಜಾನ್ ಜಾನ್ಸನ್ ಕಸಿದುಕೊಂಡರು, ಝರ್ಲೈನ್ 57 ಗಜದಿಂದ ಒದ್ದು 26–23ಕ್ಕೆ ಪಂದ್ಯ ಮುಗಿಸಿದರು.

ನ್ಯಾಯವಾಗಿ ಮಾತಾಡುವುದಾದರೆ ಎರಡು ಸಂಗತಿ ಮುಚ್ಚಿಡಬಾರದು. ಆ ನಾಲ್ಕು ಯತ್ನಗಳ ಪೈಕಿ ಮೊದಲನೆಯದರಲ್ಲಿ ಚೆಂಡು ಹಿಡಿದು ಓಡಿ ಗಡಿಯಾರ ಕರಗಿಸುವ ಬದಲು ಸೇಂಟ್ಸ್ ಎಸೆಯಲು ಹೋದರು, ಎಸೆತ ಕೈಗೆ ಸಿಗದೆ ಗಡಿಯಾರ ನಿಂತಿತು. ಅದು ತರಬೇತುದಾರ ಷಾನ್ ಪೇಟನ್ ಅವರ ಆಯ್ಕೆ. ಅದಕ್ಕೂ ಸ್ವಲ್ಪ ಮೊದಲು ರಾಮ್ಸ್‌ನ ಜ್ಯಾರೆಡ್ ಗಾಫ್ ಗೋಲ್‌ಗೆರೆಯ ಬಳಿ ಓಡುವಾಗ ಸೇಂಟ್ಸ್ ಆಟಗಾರ ಅವರ ಮುಖಕವಚ ಹಿಡಿದೆಳೆದಿದ್ದ, ಅಲ್ಲೂ ಬಟ್ಟೆ ಬೀಳಲಿಲ್ಲ. ಆದರೆ ಒಂದು ತಪ್ಪು ಇನ್ನೊಂದನ್ನು ತೊಳೆಯುವುದಿಲ್ಲ. ಎರಡೂ ಕಡೆ ತಪ್ಪಿದ್ದರಿಂದ ಸಮವಾಯಿತು ಎಂಬ ವಾದ ನನಗೆ ಒಪ್ಪಿಗೆಯಾಗದು, ಏಕೆಂದರೆ ಗಡಿಯಾರದ ಯಾವ ಹಂತದಲ್ಲಿ ತಪ್ಪಾಯಿತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಲಕ್ಷಾಂತರ ಜನ ಮನೆಯಲ್ಲಿ ಕುಳಿತು ಕಂಡದ್ದು ಕೆಲವೇ ಗಜ ದೂರದಲ್ಲಿ ನಿಂತವರಿಗೆ ಏಕೆ ಕಾಣಲಿಲ್ಲ? ಮೈದಾನದಲ್ಲಿ ಏಳು ತೀರ್ಪುಗಾರರು. ಆ ಬದಿಯಲ್ಲಿದ್ದವರು ಇಬ್ಬರು: ಚೆಂಡಿನ ಸಾಲಿನಲ್ಲಿ ನಿಲ್ಲುವ ಡೌನ್ ಜಡ್ಜ್, ಅದೇ ಅಂಚಿನಲ್ಲಿ ಆಳದಲ್ಲಿ ನಿಲ್ಲುವ ಸೈಡ್ ಜಡ್ಜ್. ಚೆಂಡು 13 ಗಜಕ್ಕೆ ಬಂದಾಗ ಸೈಡ್ ಜಡ್ಜ್ ಗೋಲ್‌ಗೆರೆಯನ್ನು ಕಾಯಬೇಕು. ಹಾಗಾಗಿ ಲೂಯಿಸ್ ಒಬ್ಬರಿಂದ ದೂರವಾಗಿ, ಇನ್ನೊಬ್ಬರ ಕಡೆಗೆ ಓಡುತ್ತಿದ್ದರು. ಹಗ್ಗದ ತುದಿಯಲ್ಲಿ ನಿಂತು ನೋಡಿದರೆ ಅದರ ಉದ್ದ ತಿಳಿಯುವುದಿಲ್ಲ. ಡಿಕ್ಕಿಗೂ ಚೆಂಡು ಬರುವುದಕ್ಕೂ ನಡುವಿನ ಅಂತರ ಪಕ್ಕದಿಂದ ಹಿಡಿದ ಟಿವಿ ಕ್ಯಾಮೆರಾಗೆ ಉದ್ದವಾಗಿ ಕಾಣುತ್ತದೆ, ನೇರದಲ್ಲಿ ನಿಂತವನಿಗೆ ಕುಗ್ಗಿ ಕಾಣುತ್ತದೆ.

ಇನ್ನೊಂದು ಕಷ್ಟ ಕಣ್ಣಿನದು. ಆಟಗಾರರನ್ನು ನೋಡು, ಚೆಂಡನ್ನಲ್ಲ ಎಂಬುದು ತೀರ್ಪುಗಾರರಿಗೆ ಕಲಿಸುವ ಪಾಠ. ಈ ತಪ್ಪನ್ನು ಅಳೆಯಲು ಮಾತ್ರ ಎರಡೂ ಬೇಕು: ಮೈ ತಾಗಿದ್ದು ಯಾವಾಗ, ಚೆಂಡು ಬಂದದ್ದು ಯಾವಾಗ. ಒಂದರಿಂದ ಇನ್ನೊಂದಕ್ಕೆ ದೃಷ್ಟಿ ಹೊರಳಿಸುವಷ್ಟರಲ್ಲಿ ಎರಡೂ ಮುಗಿದಿರುತ್ತವೆ. ಚೆಂಡನ್ನು ಮಧ್ಯದಲ್ಲಿ ಯಾರಾದರೂ ತಾಕಿದರೇ, ಅದು ಹಿಡಿಯುವಂತಿತ್ತೇ ಎಂಬ ಪ್ರಶ್ನೆಗಳೂ ಅದೇ ಕ್ಷಣದಲ್ಲಿ ತಲೆಗೆ ಬರುತ್ತವೆ. ಅನುಮಾನವಿದ್ದರೆ ಎಸೆಯಬೇಡ ಎಂದು ಕಲಿತ ಕೈ ಸೊಂಟದ ಬಳಿಯೇ ನಿಲ್ಲುತ್ತದೆ.

ಮೂರನೆಯದು ಲೀಗಿನದ್ದೇ ವ್ಯವಸ್ಥೆ. ಋತುವಿನುದ್ದಕ್ಕೂ ಒಟ್ಟಿಗೆ ಕೆಲಸ ಮಾಡಿದ ತೀರ್ಪುಗಾರರ ತಂಡವನ್ನು ಪ್ಲೇಆಫ್‌ಗೆ ಹಾಗೆಯೇ ಕಳಿಸುವುದಿಲ್ಲ. ಹೆಚ್ಚು ಅಂಕ ಪಡೆದವರನ್ನು ಬೇರೆ ಬೇರೆ ತಂಡಗಳಿಂದ ಆರಿಸಿ ಹೊಸ ಗುಂಪು ಕಟ್ಟುತ್ತಾರೆ. ಒಂದೊಂದು ನಾಟಕ ಕಂಪನಿಯಿಂದ ಒಬ್ಬೊಬ್ಬ ಒಳ್ಳೆಯ ನಟನನ್ನು ತಂದು ತಾಲೀಮಿಲ್ಲದೆ ರಂಗಕ್ಕೆ ಬಿಟ್ಟ ಹಾಗೆ. ಅಂಚುಗೆರೆಯಲ್ಲಿ ಇಬ್ಬರು ಒಂದೇ ಘಟನೆ ನೋಡುವಾಗ ‘ಇದು ನಿನ್ನದು, ಅದು ನನ್ನದು’ ಎಂಬ ಒಪ್ಪಂದ ಮಾತಿಲ್ಲದೆ ನಡೆಯಬೇಕು. ಅದು ತಿಂಗಳುಗಳ ಒಡನಾಟದಿಂದ ಮಾತ್ರ ಬರುತ್ತದೆ. ಪ್ರತಿಭೆಗೆ ಬಹುಮಾನ ಕೊಡುವ ಭರದಲ್ಲಿ ಲೀಗ್ ಕಳೆದುಕೊಳ್ಳುತ್ತಿರುವುದು ಈ ಹೊಂದಾಣಿಕೆಯನ್ನೇ.

ಇದು ಒಂದೇ ಪ್ರಕರಣವಲ್ಲ. 2003ರ ಜನವರಿ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನ್ಯೂಯಾರ್ಕ್ ಜೈಂಟ್ಸ್ 38–14 ಮುಂದಿದ್ದು 39–38ಕ್ಕೆ ಹಿಂದೆ ಬಿದ್ದಿತ್ತು. ಕೊನೆಯ ಫೀಲ್ಡ್ ಗೋಲ್‌ಗೆ ಬಂದ ಚೆಂಡು ಕೈಜಾರಿತು. ಹಿಡಿದಿದ್ದವನು ಎದ್ದು ದೂರಕ್ಕೆ ಎಸೆದ. ಹಿಡಿಯಲು ಹೋದ ರಿಚ್ ಸೂಬರ್ಟ್ ಗಾರ್ಡ್ ಜಾಗದ, ಅಂದರೆ ಸಾಮಾನ್ಯವಾಗಿ ಚೆಂಡು ಹಿಡಿಯಲು ಅರ್ಹತೆಯಿಲ್ಲದ ಆಟಗಾರ, ಆದರೆ ಚೆಂಡು ಹಿಡಿಯುವ ಅರ್ಹತೆಯನ್ನು ಮೊದಲೇ ತೀರ್ಪುಗಾರರಿಗೆ ತಿಳಿಸಿದ್ದವರು. ಅವರನ್ನು ಎದುರಾಳಿ ಎಳೆದು ಕೆಡವಿದ. ಅರ್ಹತೆಯಿಲ್ಲದೆ ಮುಂದೆ ಓಡಿದ ಇನ್ನೊಬ್ಬ ಜೈಂಟ್ಸ್ ಆಟಗಾರನ ತಪ್ಪಿಗೆ ಬಟ್ಟೆ ಬಿತ್ತು, ಎಳೆದವನಿಗೆ ಬೀಳಲಿಲ್ಲ. ಎರಡೂ ಬಿದ್ದಿದ್ದರೆ ತಪ್ಪಿಗೆ ತಪ್ಪು ವಜಾ ಆಗಿ, ಸಮಯ ಮುಗಿದಿದ್ದರೂ ಆ ಯತ್ನವನ್ನು ಮತ್ತೆ ಆಡಿಸಬೇಕಿತ್ತು. ಮರುದಿನ ಲೀಗ್ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಜೈಂಟ್ಸ್ ಋತು ಮುಗಿದಿತ್ತು.

2015ರ ಜನವರಿ 4ರ ಡಲ್ಲಾಸ್ ಪಂದ್ಯ ಇನ್ನೂ ವಿಚಿತ್ರ. ಡೆಟ್ರಾಯ್ಟ್ ಲಯನ್ಸ್ 20–17 ಮುಂದಿತ್ತು. ಬ್ರ್ಯಾಂಡನ್ ಪೆಟಿಗ್ರೂಗೆ ಹೋದ ಎಸೆತದಲ್ಲಿ ಕೌಬಾಯ್ಸ್‌ನ ಆ್ಯಂಟನಿ ಹಿಚನ್ಸ್ ಮೇಲೆ ಬಟ್ಟೆ ಬಿತ್ತು, ರೆಫರಿ ಮೈಕಿನಲ್ಲಿ ಘೋಷಿಸಿದ್ದೂ ಆಯಿತು. ಆಮೇಲೆ ಚರ್ಚೆ ನಡೆಸಿ ಬಟ್ಟೆಯನ್ನು ಎತ್ತಿಕೊಂಡರು. ಪ್ರೇಕ್ಷಕರಿಗೆ ಕಾರಣ ಹೇಳಲಿಲ್ಲ. ಡಲ್ಲಾಸ್ 24–20 ಗೆದ್ದಿತು. ಹೋಲ್ಡಿಂಗ್, ಅಂದರೆ ಎದುರಾಳಿಯನ್ನು ಹಿಡಿದೆಳೆದ ತಪ್ಪನ್ನಾದರೂ ಕೊಡಬೇಕಿತ್ತು ಎಂದು ಲೀಗಿನ ತೀರ್ಪು ವಿಭಾಗದ ಆಗಿನ ಮುಖ್ಯಸ್ಥ ಡೀನ್ ಬ್ಲಾಂಡಿನೊ ಬಳಿಕ ಹೇಳಿದರು.

ಸೂಪರ್‌ಡೋಮ್ ಪ್ರಕರಣಕ್ಕೆ ಮರಳೋಣ. ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಲೀಗ್ ಕಚೇರಿ ಫೋನಿನಲ್ಲಿ ತಪ್ಪೊಪ್ಪಿಕೊಂಡದ್ದನ್ನು ಪೇಟನ್ ಪತ್ರಕರ್ತರಿಗೆ ತಿಳಿಸಿದರು. ತಾನು ಬೇಗ ತಲುಪಿದೆ ಎಂದು ರೋಬಿ-ಕೋಲ್ಮನ್ ಸಹ ಒಪ್ಪಿಕೊಂಡರು. ಟಿಕೆಟ್ ಕೊಂಡವರು ನ್ಯಾಯಾಲಯಕ್ಕೆ ಹೋದರು. ‘ಅಸಾಧಾರಣವಾಗಿ ಅನ್ಯಾಯದ’ ಘಟನೆಯಾದರೆ ಲೀಗಿನ ಮುಖ್ಯಸ್ಥನಾದ ಕಮಿಷನರ್ ಮಧ್ಯಪ್ರವೇಶಿಸಬಹುದೆಂಬ ನಿಯಮ 17 ಅವರ ಆಧಾರವಾಗಿತ್ತು. ಜನವರಿ 31ರಂದು ಫೆಡರಲ್ ನ್ಯಾಯಾಧೀಶೆ ಆ ಅರ್ಜಿಯನ್ನು ತಳ್ಳಿಹಾಕಿದರು. ತೀರ್ಪುಗಾರನ ಲೋಪವನ್ನು ತೀರ್ಪಿನ ವಿಷಯವೆಂದೇ ಉಳಿಸುವುದು ಎಲ್ಲ ಕ್ರೀಡೆಗಳ ರೂಢಿ. ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ಸುನಿಲ್ ಛೆಟ್ರಿ ಗೋಡೆ ಕಟ್ಟುವ ಮುನ್ನವೇ ಫ್ರೀಕಿಕ್ ಹೊಡೆದು ಗೋಲು ಗಳಿಸಿದಾಗ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಯಿತಲ್ಲ, ಅಲ್ಲೂ ಅವರ ಆಕ್ಷೇಪ ನಿಲ್ಲಲಿಲ್ಲ, ಬದಲಿಗೆ 4 ಕೋಟಿ ರೂಪಾಯಿ ದಂಡ ಬಿತ್ತು.

2019ರ ಮಾರ್ಚ್‌ನಲ್ಲಿ ಎನ್‌ಎಫ್‌ಎಲ್ ತಂಡಗಳ ಮಾಲೀಕರು 31–1 ಮತದಿಂದ ನಿಯಮ ಬದಲಿಸಿದರು. ಬೇಡ ಎಂದದ್ದು ಸಿನ್ಸಿನಾಟಿ ತಂಡ ಮಾತ್ರ. ಒಂದು ವರ್ಷದ ಪ್ರಯೋಗವಾಗಿ, ಪಾಸ್ ಇಂಟರ್‌ಫಿಯರೆನ್ಸ್ ತೀರ್ಪನ್ನೂ, ಕೊಡದ ತೀರ್ಪನ್ನೂ ವಿಡಿಯೊದಲ್ಲಿ ಪರಿಶೀಲಿಸಬಹುದಾಯಿತು. ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಮೇಲಿನ ಬೂತ್‌ನಲ್ಲಿ ಕುಳಿತ ವಿಡಿಯೊ ತೀರ್ಪುಗಾರರು ಪರಿಶೀಲನೆಗೆ ಕರೆಯಬೇಕಿತ್ತು, ಅದಕ್ಕೂ ಮುಂಚಿನ ಹೊತ್ತಿನಲ್ಲಿ ತರಬೇತುದಾರ ಸವಾಲು ಹಾಕಬೇಕಿತ್ತು. ಕೆನಡಾದ ಸಿಎಫ್‌ಎಲ್ 2014ರಿಂದಲೇ ಇಂಥ ಪರಿಶೀಲನೆ ನಡೆಸುತ್ತಿತ್ತು.

ಕಾಗದದಲ್ಲಿ ಚೆನ್ನಾಗಿದ್ದ ನಿಯಮ ನೆಲದಲ್ಲಿ ಕುಸಿಯಿತು. ಚೆಂಡು ಗೆರೆ ದಾಟಿತೇ, ಮಂಡಿ ನೆಲ ಮುಟ್ಟಿತೇ ಎಂಬುದು ಹೌದು ಅಥವಾ ಇಲ್ಲ ಎಂಬ ಪ್ರಶ್ನೆ. ‘ಗಣನೀಯವಾಗಿ ಅಡ್ಡಿಯಾಯಿತೇ’ ಎಂಬುದು ಎಷ್ಟು ಎಂಬ ಪ್ರಶ್ನೆ. ನಿಧಾನಗತಿಯಲ್ಲಿ ನೋಡಿದರೆ ಎಲ್ಲ ಸ್ಪರ್ಶವೂ ತಪ್ಪಾಗಿ ಕಾಣುತ್ತದೆ. ಅದಕ್ಕೆ ಹೆದರಿದ ಲೀಗ್, ಕಣ್ಣಿಗೆ ರಾಚುವಂಥ ಪುರಾವೆ ಇದ್ದರೆ ಮಾತ್ರ ತೀರ್ಪು ಬದಲಿಸುವುದು ಎಂದು ಪುರಾವೆಯ ಮಟ್ಟವನ್ನು ಮೇಲೇರಿಸಿತು. ಕ್ರಿಕೆಟ್ಟಿನ ‘ಅಂಪೈರ್ಸ್ ಕಾಲ್’ ಕಂಡವರಿಗೆ ಈ ಹೆದರಿಕೆ ಪರಿಚಿತ, ಆದರೆ ಅಲ್ಲಿ ಅಂಚನ್ನು ಅಳೆಯಲು ಚೆಂಡಿನ ಅರ್ಧದಷ್ಟು ಎಂಬ ಅಳತೆಗೋಲಾದರೂ ಇದೆ. ಇಲ್ಲಿ ಅದೂ ಇರಲಿಲ್ಲ. 2019ರ ನವೆಂಬರ್ 17ರಂದು ಬಾಲ್ಟಿಮೋರ್‌ನಲ್ಲಿ ಹ್ಯೂಸ್ಟನ್‌ನ ಡಿಆಂಡ್ರೆ ಹಾಪ್ಕಿನ್ಸ್‌ರನ್ನು ಮಾರ್ಲನ್ ಹಂಫ್ರಿ ಹಿಡಿದು ಕೆಡವಿದರು. ಹ್ಯೂಸ್ಟನ್ ಸವಾಲು ಹಾಕಿತು, ಲೀಗಿನ ನ್ಯೂಯಾರ್ಕ್ ಕಚೇರಿ ಮೈದಾನದ ತೀರ್ಪನ್ನೇ ಉಳಿಸಿತು. ಅಂದಿನಿಂದ ಯಾವುದು ಬದಲಾಗುತ್ತದೆ, ಯಾವುದು ಇಲ್ಲ ಎಂದು ತರಬೇತುದಾರರಿಗೇ ತಿಳಿಯದಾಯಿತು.

ಅದೇ ಋತುವಿನ ಪ್ಲೇಆಫ್, 2020ರ ಜನವರಿ 5, ಅದೇ ಸೂಪರ್‌ಡೋಮ್, ಅದೇ ಸೇಂಟ್ಸ್. ಓವರ್‌ಟೈಮ್‌ನಲ್ಲಿ ಮಿನ್ನೆಸೊಟಾದ ಕೈಲ್ ರುಡಾಲ್ಫ್ ತಮ್ಮ ಕಾವಲಿನ ಪಿ. ಜೆ. ವಿಲಿಯಮ್ಸ್‌ರನ್ನು ಕೈಯಿಂದ ತಳ್ಳಿದಂತೆ ಕಂಡರು, ಚೆಂಡು ಹಿಡಿದರು. ಆರು ಅಂಕದ ಟಚ್‌ಡೌನ್, 26–20ಕ್ಕೆ ಮಿನ್ನೆಸೊಟಾ ಗೆದ್ದಿತು. ನಿಯಮ ಯಾರಿಗಾಗಿ ಹುಟ್ಟಿತೋ ಅವರೇ ಎದುರಿದ್ದರು, ಆಟ ನಿಲ್ಲಿಸಿ ರೆಫರಿ ವಿಡಿಯೊ ನೋಡಲಿಲ್ಲ. ಇಬ್ಬರ ಕೈಗಳೂ ತಾಗಿದ್ದವು, ಬದಲಿಸುವಷ್ಟು ಪುರಾವೆ ಇಲ್ಲ ಎಂದಿತು ಲೀಗ್. 2020ರಲ್ಲಿ ಆ ನಿಯಮವನ್ನು ಯಾರೂ ಮುಂದುವರಿಸಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಬೇಕಿದ್ದದ್ದು ಸವಾಲಿನ ವಿಧಾನವಲ್ಲ, ಎಂಟನೇ ತೀರ್ಪುಗಾರ. ಮೇಲಿನ ಬೂತ್‌ನಲ್ಲಿ ಕುಳಿತು, ಪಕ್ಕದ ಕೋನದ ಚಿತ್ರವನ್ನು ಸಾಮಾನ್ಯ ವೇಗದಲ್ಲಿ ಒಮ್ಮೆ ನೋಡಿ, ಮುಂದಿನ ಯತ್ನಕ್ಕಿರುವ 40 ಸೆಕೆಂಡಿನೊಳಗೆ ರೇಡಿಯೊದಲ್ಲಿ ರೆಫರಿಗೆ ‘ಬಟ್ಟೆ’ ಎಂದು ಹೇಳಬಲ್ಲವನು. ಅವನು ಮೈದಾನದವರ ಜೊತೆಯ ಸದಸ್ಯನಾಗಿರಬೇಕು, ಅವರ ಮೇಲಿನ ಮೇಲ್ಮನವಿ ನ್ಯಾಯಾಲಯವಾಗಿರಬಾರದು. ಹಾಗಾದಾಗ ಬೇಕಾದ ಪುರಾವೆಯ ಮಟ್ಟ ಮೈದಾನದಲ್ಲಿರುವಷ್ಟೇ ಇರುತ್ತದೆ, ಹೆಚ್ಚಲ್ಲ. ಸಣ್ಣ ತಾಗುವಿಕೆಯನ್ನು ಅವನೂ ಬಿಡುತ್ತಾನೆ, ಲೂಯಿಸ್‌ಗೆ ಬಿದ್ದಂಥ ಡಿಕ್ಕಿಯನ್ನು ಬಿಡಲಾರ.

ಲೀಗ್ ಆ ದಾರಿಯಲ್ಲಿ ಅರ್ಧ ನಡೆದಿದೆ. 2021ರಿಂದ ‘ರಿಪ್ಲೇ ಅಸಿಸ್ಟ್’ ಹೆಸರಿನಲ್ಲಿ ಬೂತ್‌ನವರು ಕೆಲವು ವಿಷಯಗಳಲ್ಲಿ ಸದ್ದಿಲ್ಲದೆ ರೆಫರಿಗೆ ನೆರವಾಗುತ್ತಾರೆ. 2025ರ ಋತುವಿಗೆ ಅದನ್ನು ವಿಸ್ತರಿಸಿ, ಮುಖಕವಚ ಹಿಡಿದ, ತಲೆಗೆ ಹೊಡೆದ ಕೆಲವು ತಪ್ಪುಗಳಲ್ಲಿ ತಪ್ಪಾಗಿ ಬಿದ್ದ ಬಟ್ಟೆಯನ್ನು ಎತ್ತಿಸಬಹುದು ಎಂದಾಯಿತು. ಬೀಳದ ಬಟ್ಟೆಯನ್ನು ಹಾಕಿಸುವ ಅಧಿಕಾರ ಮಾತ್ರ ಕೊಡಲಿಲ್ಲ. ಬ್ರೀಸ್ ಎಸೆದ ಅದೇ ಚೆಂಡು ಈ ನಿಯಮದಡಿ ಮತ್ತೆ ಹಾರಿ ಬಂದರೂ, ತರಬೇತುದಾರ ಸವಾಲು ಹಾಕುವಂತಿಲ್ಲ, ಬೂತ್ ಬಾಯಿ ಬಿಡುವಂತಿಲ್ಲ, ತೀರ್ಮಾನ ಅಂಚುಗೆರೆಯ ಆ ಇಬ್ಬರದ್ದೇ.