ನಾಣ್ಯದ ಬೀರು ಕೊಳ್ಳುವ ಮುಂಚೆ ತಟ್ಟೆ ಎಳೆದು ನೋಡಿ

ನಮಸ್ಕಾರ ಕೇಳುಗರೇ. ಹಳೆಯ ನಾಣ್ಯ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ನಾಣ್ಯ ಇಡೋಕೆ ಅಂತಲೇ ಬಡಗಿಗಳು ಮಾಡಿಕೊಟ್ಟ ಮರದ ಬೀರುಗಳ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ. ಇವತ್ತು ಇಂಗ್ಲೆಂಡಿನ ಹಳೆಯ ನಾಣ್ಯದ ಬೀರುಗಳನ್ನು ಗುರುತಿಸುವುದು ಹೇಗೆ, ಅವುಗಳ ಕಾಲ ಹೇಳುವುದು ಹೇಗೆ ಅಂತ ನೋಡೋಣ. ಆ ದೇಶದಲ್ಲಿರುವ ಕನ್ನಡಿಗ ಸಂಗ್ರಾಹಕರಿಗೆ ಹರಾಜಿನಲ್ಲಿ ಇಂಥವು ಎದುರಾಗುತ್ತವೆ, ಅವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು.

ಹೊರಗಿನಿಂದ ನೋಡಿದರೆ ಅದೊಂದು ಚಿಕ್ಕ ಬೀರು, ಅಷ್ಟೇ. ಬಾಗಿಲು ತೆಗೆದರೆ ಒಂದರ ಕೆಳಗೊಂದು ತೆಳ್ಳನೆಯ ತಟ್ಟೆಗಳು. ಒಂದೊಂದು ತಟ್ಟೆಯಲ್ಲೂ ಸಾಲಾಗಿ ದುಂಡಗಿನ ಗುಳಿಗಳು, ತಳಕ್ಕೆ ಬಟ್ಟೆ. ನಾಣ್ಯದ ಅಡಿಯಲ್ಲಿ ದುಂಡಗೆ ಕತ್ತರಿಸಿದ ಕಾಗದದ ಚೀಟಿ, ಅದರಲ್ಲಿ ಯಾರಿಂದ ಯಾವಾಗ ಕೊಂಡದ್ದು ಅಂತ ಬರೆದಿರುತ್ತಾರೆ. ಚಿಟ್ಟೆ, ಚಿಪ್ಪು, ಹಕ್ಕಿ ಮೊಟ್ಟೆ ಇಡೋಕೂ ಇಂಥದ್ದೇ ಬೀರುಗಳಿದ್ದವು. ಅವಕ್ಕೆ ಆಮೇಲೆ ಗುಳಿ ಕೊರೆದ ಹಲಗೆ ಕೂರಿಸಿ ನಾಣ್ಯದ ಬೀರು ಅಂತ ಮಾರುವುದೂ ಉಂಟು. ಹಾಗಾಗಿ ಮೊದಲು ಒಂದು ತಟ್ಟೆ ಹೊರಗೆಳೆದು ಗುಳಿಯ ಒಳಗೋಡೆ ನೋಡಿ. ಅಂಚು ಕೈಗೆ ಚುಚ್ಚುವಷ್ಟು ಚೂಪಾಗಿದ್ದು, ಮರದ ಬಣ್ಣ ಹಸಿಹಸಿ ಗುಲಾಬಿ ಇದ್ದರೆ ಅದನ್ನು ಇತ್ತೀಚೆಗೆ ಕೊರೆದಿದ್ದಾರೆ ಅಂತಲೇ ಲೆಕ್ಕ.

ಒಂದು ಕ್ಯಾಲಿಪರ್, ಅಂದರೆ ಅಗಲವನ್ನು ಸೂಕ್ಷ್ಮವಾಗಿ ಅಳೆಯುವ ಸಾಧನ, ಜೊತೆಗಿರಲಿ. ಮರ ಒಣಗುತ್ತಾ ತನ್ನ ನಾರಿನ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಅದಕ್ಕೇ ಹಳೆಯ ತಟ್ಟೆಯ ದುಂಡು ಗುಳಿಯನ್ನು ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದರೆ ಕೂದಲೆಳೆಯಷ್ಟು ವ್ಯತ್ಯಾಸ ಸಿಗಬಹುದು. ಮಹೋಗನಿ ಅಷ್ಟಾಗಿ ಕುಗ್ಗದ ಮರ, ಆದ್ದರಿಂದ ಬರಿಗಣ್ಣಿಗೆ ಇದು ಕಾಣುವುದಿಲ್ಲ.

ಗುಳಿಯ ಅಳತೆಯೇ ಇನ್ನೊಂದು ಸಾಕ್ಷಿ. ಬ್ರಿಟನ್ನಿನ ತಾಮ್ರದ ಪೆನ್ನಿ ಸುಮಾರು 34 ಮಿಲಿಮೀಟರ್ ಅಗಲ ಇತ್ತು, 1860ರಲ್ಲಿ ಕಂಚಿನದು ಬಂದಾಗ ಅದು 31ರ ಹತ್ತಿರಕ್ಕೆ ಇಳಿಯಿತು. 1797ರ ಎರಡು ಪೆನ್ನಿ ನಾಣ್ಯವಂತೂ 41 ಮಿಲಿಮೀಟರ್ ಅಗಲ, ಸುಮಾರು 5 ಮಿಲಿಮೀಟರ್ ದಪ್ಪ. ಅದಕ್ಕೆಂದೇ ಆಳವಾಗಿ ಕೊರೆದ ಗುಳಿ ಇದ್ದರೆ ಆ ತಟ್ಟೆ 1797ಕ್ಕಿಂತ ಹಿಂದಿನದಾಗಿರೋಕೆ ಸಾಧ್ಯವಿಲ್ಲ, ಅಲ್ವಾ? ಆದರೆ ಎಷ್ಟು ಆಮೇಲಿನದು ಅಂತ ಗುಳಿ ಹೇಳುವುದಿಲ್ಲ. ಹಳೆಯ ನಾಣ್ಯವನ್ನು ಜನ ಎಲ್ಲಾ ಕಾಲದಲ್ಲೂ ಕೂಡಿಟ್ಟಿದ್ದಾರೆ.

ಮರದ ವಿಚಾರಕ್ಕೆ ಬಂದರೆ, ಒಳ್ಳೆಯ ಬೀರುಗಳು ಮಹೋಗನಿಯವು. 1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕ ತೆಗೆದುಹಾಕಿತು, ಆಮೇಲೆ ಈ ಮರ ಇಂಗ್ಲೆಂಡಿನ ಬಡಗಿಗಳ ಕೈಗೆ ಧಾರಾಳವಾಗಿ ಸಿಕ್ಕಿತು. ಓಕ್ ತಟ್ಟೆ ಕಂಡರೆ ಹುಷಾರು. ಓಕ್‌ನಿಂದ ಹೊರಡುವ ಆಮ್ಲದ ಆವಿ ಸೀಸದ ಪದಕಗಳನ್ನು ಬಿಳಿ ಪುಡಿ ಮಾಡಿಬಿಡುತ್ತದೆ.

ಇನ್ನು ಸ್ಕ್ರೂ. ಬಾಗಿಲಿನ ಕೀಲಿನಿಂದ ಒಂದೇ ಒಂದು ಸ್ಕ್ರೂ ಬಿಚ್ಚಿ ನೋಡೋಕೆ ಮಾರುವವರು ಒಪ್ಪಿದರೆ ಖಂಡಿತ ನೋಡಿ. ತಲೆಯ ಮೇಲಿನ ಗೀರು ನಡುವಿಗಿರದೆ ಒಂದು ಕಡೆ ಸರಿದಿದೆ, ಮೈಸುತ್ತಿನ ಸುರುಳಿ ಗೀರುಗಳು ಸಮ ಇಲ್ಲ, ತುದಿ ಮೊಂಡು, ಅಂದರೆ ಅದು 1850ಕ್ಕಿಂತ ಹಿಂದಿನದಿರಬಹುದು. ಚೂಪು ತುದಿಯ ಯಂತ್ರದ ಸ್ಕ್ರೂ ಇಂಗ್ಲೆಂಡಿನಲ್ಲಿ ಹರಡಿದ್ದು ಆಮೇಲೆ. ಬೀಗವನ್ನೂ ಹಾಗೇ ನೋಡಿ. ಬ್ರಾಮಾ, ಚಬ್ ಅನ್ನುವುದು ಇಂಗ್ಲೆಂಡಿನ ಬೀಗ ತಯಾರಕರ ಹೆಸರು. ಬ್ರಾಮಾ ಬೀಗಕ್ಕೆ ಪೇಟೆಂಟ್ ಸಿಕ್ಕಿದ್ದು 1784ರಲ್ಲಿ, ಚಬ್ ಬೀಗಕ್ಕೆ 1818ರಲ್ಲಿ. ಆದರೆ ಬೀಗ ಬದಲಾಯಿಸುವುದು ಸುಲಭ. ಬಾಗಿಲಿನ ಹಿಂದೆ ಹಳೆಯ ಬೀಗದ ಗುರುತು, ಮುಚ್ಚಿದ ತೂತು ಇದೆಯಾ ಅಂತ ಬೆರಳಾಡಿಸಿ ನೋಡಿ. ಡ್ರಾಯರಿನ ಮೂಲೆಯ ಡವ್‌ಟೇಲ್, ಅಂದರೆ ಎರಡು ಹಲಗೆ ಕಚ್ಚಿಸುವ ಪಾರಿವಾಳದ ಬಾಲದ ಆಕಾರದ ಹಲ್ಲುಗಳು, ಎಲ್ಲಾ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದರೆ ಅದು ಯಂತ್ರದ ಕೆಲಸ, 19ನೇ ಶತಮಾನದ ಕೊನೆಯ ಭಾಗದ್ದೋ ಆಮೇಲಿನದೋ ಇರಬೇಕು. ಕೈಯಲ್ಲಿ ಕಡಿದದ್ದೆಲ್ಲಾ ಹಳೆಯದು ಅಂತ ಮಾತ್ರ ತಿಳಿಯಬೇಡಿ, ಒಳ್ಳೆಯ ಬಡಗಿಗಳು ಕೈಕೆಲಸ ಬಿಟ್ಟಿರಲಿಲ್ಲ.

ದೊಡ್ಡವರ ಬೀರುಗಳೂ ತಿದ್ದುಪಡಿಯಿಂದ ತಪ್ಪಿಸಿಕೊಂಡಿಲ್ಲ. ಮೂರನೇ ಜಾರ್ಜ್ ದೊರೆಗೆ ಲಂಡನ್ನಿನ ಬಡಗಿ ವಿಲಿಯಂ ವೈಲ್ 1760ರ ಸುಮಾರಿಗೆ ಸಿದ್ಧಪಡಿಸಿದ ಪದಕಗಳ ಬೀರು ಆಮೇಲೆ ಬೇರೆಬೇರೆಯಾಯಿತು. ಅದರ ಎರಡು ಬದಿಯ ಭಾಗಗಳಲ್ಲಿ ಒಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಇನ್ನೊಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್‌ನಲ್ಲಿದೆ. ಅರಸನ ಬೀರಿಗೇ ಹೀಗಾದರೆ ಸಾಮಾನ್ಯ ಬೀರನ್ನು ಪೂರ್ತಿ ಒಂದೇ ಕಾಲದ್ದು ಅಂತ ನಂಬೋಕೆ ಕಷ್ಟ. ತಟ್ಟೆ, ಬಾಗಿಲು, ಪೀಠ, ಬೀಗ, ಒಂದೊಂದಕ್ಕೂ ಬೇರೆಯಾಗಿ ಕಾಲ ಕಟ್ಟಿ. ಆಮೇಲೆ ಯಾವುದು ಮೊದಲಿಂದ ಇದ್ದದ್ದು, ಯಾವುದು ನಡುವೆ ಸೇರಿದ್ದು ಅಂತ ತೀರ್ಮಾನಿಸಿ.

ಕೊಂಡ ಮೇಲೆ ದಯವಿಟ್ಟು ಉಪ್ಪುಕಾಗದ ಹಾಕಿ ಉಜ್ಜಬೇಡಿ, ಹೊಸ ಪಾಲಿಶ್ ಕೊಡಬೇಡಿ. ನಾನು ಇಷ್ಟು ಹೊತ್ತು ಹೇಳಿದ ಗುರುತುಗಳಲ್ಲಿ ಅರ್ಧ ಅಲ್ಲೇ ಅಳಿಸಿಹೋಗುತ್ತವೆ. ತಳದ ಬಟ್ಟೆ ಬದಲಾಯಿಸಲೇಬೇಕಾದರೆ ಹಳೆಯ ಒಂದು ತುಂಡನ್ನಾದರೂ ಎತ್ತಿಡಿ. ಗುಳಿಯಲ್ಲಿ ಚೀಟಿ ಸಿಕ್ಕರೆ ತೆಗೆಯುವ ಮುಂಚೆ ಇಡೀ ತಟ್ಟೆಯ ಫೋಟೋ ತೆಗೆದುಕೊಳ್ಳಿ, ಯಾವ ಚೀಟಿ ಯಾವ ಗುಳಿಯದ್ದು ಅನ್ನುವುದು ತಪ್ಪದ ಹಾಗೆ. ನಮಸ್ಕಾರ.