ಯಾನ್ ಹುಸ್‌ನ ನಾಡು, ಖಾಲಿ ಚರ್ಚುಗಳು

ಕೇಳುಗರಿಗೆ ನಮಸ್ಕಾರ.

ಜುಲೈ 6 ಚೆಕ್ ಗಣರಾಜ್ಯದಲ್ಲಿ ಸರ್ಕಾರಿ ರಜೆ. 1415ರ ಅದೇ ದಿನ ಯಾನ್ ಹುಸ್ ಎಂಬ ಪಾದ್ರಿಯನ್ನು ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ನಗರದಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ಪ್ರಾಗ್ ನಗರದ ನಡುಚೌಕದಲ್ಲಿ ಅವರ ದೊಡ್ಡ ಪ್ರತಿಮೆಯಿದೆ. ರಾಷ್ಟ್ರಪತಿಯ ಧ್ವಜದ ಮೇಲೆ ‘ಸತ್ಯವೇ ಗೆಲ್ಲುತ್ತದೆ’ ಎಂಬ ಹುಸ್ ಪರಂಪರೆಯ ಮಾತಿದೆ. ಇಷ್ಟೆಲ್ಲ ಇದ್ದೂ 2021ರ ಜನಗಣತಿಯಲ್ಲಿ ಆ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದರು. ಹುಸ್ ಹೆಸರನ್ನೇ ಹೊತ್ತ ಚರ್ಚಿನವರೆಂದು ಹೇಳಿಕೊಂಡವರು ಇಪ್ಪತ್ತೈದು ಸಾವಿರವೂ ಇಲ್ಲ.

ಹುಸ್ 1402ರಿಂದ ಪ್ರವಚನ ನೀಡಿದ್ದು ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾಲಯದಲ್ಲಿ. ಅಲಂಕಾರವಿಲ್ಲದ ವಿಶಾಲ ಕೋಣೆ, ಒಳಗೇ ಒಂದು ಬಾವಿ. ಸುಮಾರು ಮೂರು ಸಾವಿರ ಜನ ಸೇರಬಹುದಾದ ಜಾಗ. ಲ್ಯಾಟಿನ್ ತಿಳಿಯದ ಕುಶಲಕರ್ಮಿಗಳು, ಹೆಂಗಸರು, ಕೂಲಿಯವರು ಅಲ್ಲಿ ಚೆಕ್ ಭಾಷೆಯಲ್ಲೇ ಬೋಧನೆ ಕೇಳಿದರು, ಚೆಕ್ ಭಾಷೆಯಲ್ಲೇ ಹಾಡಿದರು. ಹಣ ಕೊಟ್ಟು ಪಡೆಯುವ ಪಾಪವಿಮೋಚನಾ ಪತ್ರಗಳನ್ನು ಹುಸ್ 1412ರಲ್ಲಿ ಬಹಿರಂಗವಾಗಿ ಖಂಡಿಸಿದರು. ಅದನ್ನು ಮಾತ್ರ ಮೇಲಿನವರು ಸಹಿಸಲಿಲ್ಲ. ಸುರಕ್ಷಿತವಾಗಿ ಹೋಗಿಬರಬಹುದೆಂದು ರಾಜ ಸಿಗಿಸ್ಮಂಡ್ ಕೊಟ್ಟ ಪತ್ರವನ್ನು ನಂಬಿ, ಕಾನ್‌ಸ್ಟನ್ಸ್‌ನಲ್ಲಿ ನಡೆದ ಚರ್ಚಿನ ಮಹಾಸಭೆಗೆ ಹೋದ ಹುಸ್‌ರನ್ನು ಸೆರೆಗೆ ತಳ್ಳಿದರು. ಕೊನೆಯ ದಿನ ಅವರ ತಲೆಗೆ ದೆವ್ವಗಳ ಚಿತ್ರ ಬರೆದ ಕಾಗದದ ಟೊಪ್ಪಿಗೆ ಇಟ್ಟರು. ಬೂದಿಯನ್ನೂ ಉಳಿಸದೆ ರೈನ್ ನದಿಗೆ ಸುರಿದರು.

ಹುಸ್ ಅನುಯಾಯಿಗಳ ಮುಂದಿನ ಯುದ್ಧಗಳ ಕಥೆ ದೀರ್ಘವಾದದ್ದು, ಅದನ್ನು ಬಿಡೋಣ. 1620ರಲ್ಲಿ ಪ್ರಾಗ್ ಬಳಿಯ ಬಿಳಿಬೆಟ್ಟದ ಕದನದಲ್ಲಿ ಪ್ರಾಟೆಸ್ಟಂಟರು ಸೋತರು; ಹ್ಯಾಬ್ಸ್‌ಬರ್ಗ್ ದೊರೆಗಳು ಕ್ಯಾಥೊಲಿಕ್ ಮತವನ್ನು ಆಳ್ವಿಕೆಯ ಬಲದಿಂದ ಹೇರಿದರು. ಒಪ್ಪದವರಲ್ಲಿ ಅನೇಕರು ಊರು ಬಿಟ್ಟರು. ಮೊರೇವಿಯಾ ಪ್ರಾಂತ್ಯದಲ್ಲಿ ಹಳೆಯ ನಂಬಿಕೆಯನ್ನು ಗುಟ್ಟಾಗಿ ಉಳಿಸಿಕೊಂಡಿದ್ದವರ ಪೀಳಿಗೆಯ ಕೆಲವರು 1722ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ಗೆ ಹೋಗಿ ನೆಲೆಗೊಂಡು ಮೊರೇವಿಯನ್ ಸಭೆಯನ್ನು ಕಟ್ಟಿದರು. ನಮ್ಮ ಲೇಹ್ ಪಟ್ಟಣದ ಮೊರೇವಿಯನ್ ಚರ್ಚು ಆ ಬಳ್ಳಿಯದೇ ಕುಡಿ.

ಊರಲ್ಲೇ ಉಳಿದವರಿಗೆ ಚರ್ಚೆಂದರೆ ಪರರ ದರ್ಬಾರು ಎಂಬ ಭಾವನೆ ಗಟ್ಟಿಯಾಯಿತು. 1918ರಲ್ಲಿ ಸ್ವಾತಂತ್ರ್ಯ ಬಂದಾಗ ಲಕ್ಷಾಂತರ ಜನ ಕ್ಯಾಥೊಲಿಕ್ ಚರ್ಚನ್ನು ತೊರೆದರು. ಹೊಸ ಗಣರಾಜ್ಯಕ್ಕೆ ಹುಸ್ ರಾಷ್ಟ್ರವೀರರಾದರು. ನನ್ನ ಮಟ್ಟಿಗೆ ಅವರ ಪರಂಪರೆಗೆ ಬಿದ್ದ ದೊಡ್ಡ ಪೆಟ್ಟು ಇದೇ. ಬೆಂಕಿ ಸುಡಲಾಗದ್ದನ್ನು ಹೂಮಾಲೆ ಮುಚ್ಚಿಹಾಕಿತು. ಆಮೇಲೆ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರಂತೂ ಒಂದು ಕೈಯಲ್ಲಿ ಪಾದ್ರಿಗಳನ್ನು ಜೈಲಿಗೆ ಹಾಕುತ್ತಲೇ ಇನ್ನೊಂದು ಕೈಯಲ್ಲಿ, 18ನೇ ಶತಮಾನದಲ್ಲಿ ಕೆಡವಿದ್ದ ಬೆತ್ಲೆಹೆಮ್ ಪ್ರಾರ್ಥನಾಲಯವನ್ನು ಸರ್ಕಾರಿ ಖರ್ಚಿನಲ್ಲಿ ಮತ್ತೆ ಕಟ್ಟಿಸಿದರು! ಅವರ ಲೆಕ್ಕದಲ್ಲಿ ಹುಸ್ ಬಡವರ ಪರ ನಿಂತ ಕ್ರಾಂತಿಕಾರಿ. ದೇವರ ವಿಷಯ ಬೇಡ.

ಹಾಗಾದರೆ ಅಲ್ಲಿ ಕ್ರೈಸ್ತ ಬದುಕು ಬತ್ತಿಹೋಯಿತೇ? ಇಲ್ಲ, ಅದು ಚಿಗುರಿದ್ದು ಯಾರೂ ಸನ್ಮಾನ ಮಾಡದ ಕಡೆಗಳಲ್ಲಿ. ತೋಮಾಶ್ ಹಾಲಿಕ್ 1978ರಲ್ಲಿ ಪೂರ್ವ ಜರ್ಮನಿಯ ಎರ್ಫುರ್ಟ್‌ನಲ್ಲಿ ಗುಟ್ಟಾಗಿ ಪಾದ್ರಿ ದೀಕ್ಷೆ ಪಡೆದರು. ಹೊರಜಗತ್ತಿಗೆ ಅವರೊಬ್ಬ ಮನೋಚಿಕಿತ್ಸಕ. ಆಡಳಿತ ಬದಲಾದ ಮೇಲೆ ಪ್ರಾಗ್‌ನ ಚಾರ್ಲ್ಸ್ ಸೇತುವೆಯ ಪಕ್ಕದ ಚರ್ಚಿನಲ್ಲಿ ವಿದ್ಯಾರ್ಥಿಗಳ ಸಭೆ ನಡೆಸಿದರು. ಧರ್ಮದ ಗಂಧಗಾಳಿಯಿಲ್ಲದ ಮನೆಗಳ ಯುವಕ ಯುವತಿಯರು ಓದಿ, ವಾದಿಸಿ, ತಿಂಗಳುಗಟ್ಟಲೆ ಯೋಚಿಸಿ ಅಲ್ಲಿ ಸ್ನಾನದೀಕ್ಷೆ ಪಡೆದಿದ್ದಾರೆ. ಹಾಲಿಕ್ ಕ್ಯಾಥೊಲಿಕರು, ಅಂದರೆ ಹುಸ್‌ರನ್ನು ಸುಡಿಸಿದ ಚರ್ಚಿನವರು. ಆ ಚರ್ಚಿನ ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ಹುಸ್‌ರ ಕ್ರೂರ ಸಾವಿಗೆ ಆಳವಾದ ವಿಷಾದ ವ್ಯಕ್ತಪಡಿಸಿದರು. ಹಳೆಯ ವೈರಕ್ಕೆ ಈಗ ಅಲ್ಲಿ ಕಾವಿಲ್ಲ.

ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುವ ಪದ್ಧತಿಯನ್ನು ಕಮ್ಯುನಿಸ್ಟರು 1949ರಲ್ಲಿ ತಂದಿದ್ದು ಅವರನ್ನು ಹಿಡಿತದಲ್ಲಿಡಲಿಕ್ಕೆ. 2012ರ ಕಾಯಿದೆಯ ಪ್ರಕಾರ ಆ ಹಣ ವರ್ಷವರ್ಷವೂ ಇಳಿಯುತ್ತಾ ಬಂದು 2030ರ ಹೊತ್ತಿಗೆ ಪೂರ್ತಿ ನಿಲ್ಲಲಿದೆ. ಸಣ್ಣ ಸಭೆಗಳು ಪಾದ್ರಿಯ ಸಂಬಳವನ್ನು ಕಾಣಿಕೆಯಿಂದಲೇ ಹೊಂದಿಸಬೇಕು, ಕೆಲವು ಕಡೆ ಎರಡು ಮೂರು ಊರಿನವರು ಸೇರಿ ಒಬ್ಬ ಪಾದ್ರಿಯನ್ನೇ ಇಟ್ಟುಕೊಳ್ಳಬೇಕು. ಪಾದ್ರಿಗೂ ಹಣಕ್ಕೂ ಇರುವ ನಂಟನ್ನು ಪ್ರಶ್ನಿಸಿಯೇ ಹುಸ್ ಶತ್ರುಗಳನ್ನು ಕಟ್ಟಿಕೊಂಡಿದ್ದರು. ಈಗ ಅದೇ ಪ್ರಶ್ನೆ ಪ್ರತಿ ಸಭೆಯ ವಾರ್ಷಿಕ ಆಯವ್ಯಯದಲ್ಲಿ ಎದುರಾಗುತ್ತಿದೆ.

ನಮಸ್ಕಾರ.